ತುಟ್ಟೀದು, ಸೋವೀದು

ದಿನಾ ನನ್ನ ಕೆಲಸ ಒರೆಗಲ್ಲಿನ ಮ್ಯಾಲ ಗೀರೋದು.
ಸ್ಟೇಶನ್ ರೋಡಿನ ಬ್ಯಾಂಕಿನಾಗ, ಮೂರನೇ ಟೇಬಲ್ಲು.
ಸೆರಗಿನ್ಯಾಗ ಕಟಗೊಂಡ ತಂದ ಬೋರಮಾಳಕ್ಕ, ಬಿಲ್ವಾರಕ್ಕ
ಇಷ್ಟ ತೂಕ, ಇಷ್ಟ ಕ್ಯಾರಟ್ಟು, ಇಷ್ಟ ಸಾಲ
ಅಂತ ಬರದು ಕೊಡತೀನಿ.
ಹಂಗಾಗಿ ನನ್ನ ಮನಿಗೆ ಬಂದವ್ರು
ನೀರು ಕುಡಿಯೂಕಿಂತ ಮೊದಲ ಕೇಳತಾರ:
"ಇದು ಎಷ್ಟಕ್ಕ ತಂದ್ರಿ?"

ನವನಗರದಾಗ ಎರಡು ಖೋಲಿ ಮನಿ,
ಕಂತು ಮುಗ್ಯಾಕ ಇನ್ನೂ ಹನ್ನೊಂದು ವರ್ಷ.
ಸೋಫಾ ಇಲ್ಲ. ಹಳೇ ರೇಲ್ವೆ ಬೋಗಿಯ ಸಾಗವಾನಿ ಬಾಕು ಐತಿ,
ಗುಜರಿಯವನ ಕಡಿಂದ ತಂದದ್ದು,
ಬೆನ್ನಿನ ಮ್ಯಾಲ ಹಳದಿ ಬಣ್ಣದಾಗ ೪೧ ಅಂತ ನಂಬರು.
ಮಾವನವ್ರು ಬಂದ್ರ ಅಲ್ಲೇ ಕೂಡತಾರ, ರಿಸರ್ವೇಶನ್ ಆದಂಗ.
ಟೀಪಾಯಿ ಅಂದ್ರ ನನ್ನ ಮದವಿ ಟ್ರಂಕು.
ದುರ್ಗದ ಬೈಲಿನ ಅರವತ್ತು ರೂಪಾಯಿ ಹೂದಾನಿ.
ಪರದಿ, ಬೆಟಗೇರಿ ಸೀರಿ ಎರಡು ಹರದು ಹೊಲಸಿದ್ದು.
ಇವೆಲ್ಲಾದ್ರ ನಡುವ
ಒಂದು ದೀಪ.

ಧಾರವಾಡದ ಪ್ರದರ್ಶನದಾಗ ನೋಡಿದ್ದು.
ಹಿತ್ತಾಳಿ ಕಾಲು, ಕೈಲೆ ಮಾಡಿದ ಕಾಗದದ ತಲಿ,
ಬುಡದಾಗ ಮಾಡಿದಾಕಿ ಸಹಿ.
ಇಪ್ಪತ್ತೆರಡು ಸಾವಿರ.
ಮೂರು ಸರ್ತಿ ಹೊರಗ ಹೋಗಿ, ಗಿರಮಿಟ್ ತಿಂದು, ಮತ್ತ ಒಳಗ ಬಂದೆ.
ನಾಕನೇ ಸರ್ತಿ ಕಾರ್ಡ ಕೊಟ್ಟೆ.
ರಸೀದಿ ಜೀರಗಿ ಡಬ್ಬ್ಯಾಗ ಹೋತು.

ಅವತ್ತಿಂದ ಸುಳ್ಳು ಸುರು.
ಗಂಡಗ ಎರಡು ಸಾವಿರದ ಇನ್ನೂರು ಅಂದೆ,
ಒಂದು ಸೊನ್ನಿ ನುಂಗಿದೆ, ಅಷ್ಟ.
ಅತ್ತಿಯವ್ರಿಗೆ, ದೀಪಾವಳಿಗೆ ಬ್ಯಾಂಕಿನವ್ರು ಕೊಟ್ರು ಅಂತ.
ಮ್ಯಾನೇಜರನ ಹೆಂಡತಿ ವೈಜಯಂತಿ ಬಂದಾಗ ಉಲ್ಟಾ:
ಅರವತ್ತರ ಹೂದಾನಿ ತೋರಿಸಿ
"ಜೈಪುರದ್ದು, ರೇಟ್ ಮಾತ್ರ ಕೇಳಬ್ಯಾಡ್ರಿ" ಅಂದೆ.
ಆಕಿ ಮುಟ್ಟೂಕೂ ಹೆದರಿದ್ಲು.
ಬ್ಯಾಂಕಿನಾಗ ಒಂದು ಗುಲಗಂಜಿ ಸುಳ್ಳು ಹೇಳದಾಕಿ ನಾನು.

ದೀಪಕ್ಕ ಜಾಗಾ ಹುಡುಕತ ಒಂದು ತಿಂಗಳು ತಿಣುಕಿದೆ.
ಟ್ರಂಕಿನ ಮ್ಯಾಲ ಇಟ್ರ ಟ್ರಂಕು ಬಡವಾಗತಿತ್ತು.
ಬಾಕಿನ ಬಾಜೂ ಇಟ್ರ ದೀಪ ಗಾಡಿ ತಪ್ಪಿಸಿಕೊಂಡಂಗ ಕಾಣತಿತ್ತು.
ಕಪಾಟಿನ ಮ್ಯಾಲ ಏರಿಸಿದೆ,
ಅತ್ತಿಯವ್ರು ಕೈ ಮುಗದ್ರು.

ಥಂಡಿ ಸುರುವಾದಾಗ ಕೌದಿ ಹೊಲಿಯೋ ತಾರವ್ವ ಬಂದ್ಲು.
ಗಂಟು ಬಿಚ್ಚಿ ಖೋಲಿ ತುಂಬ ಚಿಂದಿ ಹರವಿದ್ಲು:
ನಮ್ಮವ್ವನ ಇಳಕಲ್ ಸೀರಿ ಸೆರಗು,
ಗಂಡನ ಡಿಪೋ ಖಾಕಿ, ಮಗನ ಸಾಲಿ ಚಡ್ಡಿ,
ಒಂದು ರವಾ ಚೀಲ.
ಯಾವುದ್ರ ಮಗ್ಗಲಕ ಯಾವುದು ಅಂತ ಯಾರನ್ನೂ ಕೇಳಲಿಲ್ಲ.
ರೇಷ್ಮಿಗೆ ಖಾಕಿ ಹಚ್ಚಿದ್ಲು, ಖಾಕಿಗೆ ಚೀಲ.
"ಬರೇ ರೇಷ್ಮಿ ಇಟ್ರ ಜಾರತೈತ್ರೀ ಅಕ್ಕಾರ" ಅಂದದ್ದು,
ಅದೂ ಸೂಜಿಗೆ ಹೇಳಿದಂಗ.

ಸಂಜಿ ಆರಕ್ಕ ಸೂಜಿ ಕಣ್ಣು ಕಾಣದಂಗಾತು.
ಎದ್ದು, ಕಪಾಟಿನ ಮ್ಯಾಲಿನ ದೀಪ
ಕುತ್ತಿಗಿ ಹಿಡದು, ಕೋಳಿ ಹಿಡದಂಗ, ಕೆಳಗ ಇಳಿಸಿ
ನೆಲದ ಮ್ಯಾಲ ತನ್ನ ತೊಡಿ ಹತ್ರ ಇಟಗೊಂಡ್ಲು.
ನನ್ನ ಎದಿ ಧಸಕ್ ಅಂತು.
ಸ್ವಿಚ್ ಒತ್ತಿದ್ಲು.
ಬೆಳಕು ಕೆಳಗಿಂದ ಎದ್ದು
ಟ್ರಂಕಿನ ತುಕ್ಕು ಹಿಡದ ಹೂವಿಗೆ ಹತ್ತಿ,
ನಂಬರ ೪೧ಕ್ಕ ಹತ್ತಿ,
ಹೂದಾನಿಯ ನೆರಳು ಗ್ವಾಡಿ ಮ್ಯಾಲ ಮಾಳಗಿ ಮಟ ಬೆಳೀತು.
ಯಾವುದು ತುಟ್ಟೀದು, ಯಾವುದು ಸೋವೀದು,
ಒಂದು ಗಳಿಗಿ
ಒರೆಗಲ್ಲಿನ ಕಣ್ಣಿಗೂ ಗುರುತು ಹತ್ತಲಿಲ್ಲ.

"ಎಷ್ಟಕ್ಕ ತಂದ್ರಿ?" ತಲಿ ಎತ್ತದನ ಕೇಳಿದ್ಲು.
"ಇಪ್ಪತ್ತೆರಡು ಸಾವಿರ."
ಬಾಯಿ ನಂದ, ಹೇಳಿದ್ದು ಯಾರೋ.
ತಾರವ್ವ ದಾರ ಹಲ್ಲಿಲೆ ಕಡದು
"ಬೆಳಕ ಚಲೋ ಐತಿ" ಅಂದ್ಲು.
ಅಡಗಿ ಮನ್ಯಾಗ ಒಗ್ಗರಣಿಗೆ ಜೀರಗಿ ಹುಡುಕತಿದ್ದ
ಗಂಡನ ಸಪ್ಪಳ ನಿಂತಿತು.

ದೀಪ ಈಗೂ ನೆಲದ ಮ್ಯಾಲನ ಐತಿ.
ಕೌದಿಗೆ ಒಂಬತ್ತು ದಿನ ಹಿಡೀತು.
ತಾರವ್ವ ಎರಡು ಸಾವಿರ ಕೇಳಿದ್ಲು.
ಹದಿನೆಂಟು ನೂರಕ್ಕ ಇಳಿಸಿದೆ.
ಚಾಳಿ.
ಇದನ್ನೂ ಬರದಿಡತೀನಿ, ಎಷ್ಟಕ್ಕ ತಂದ್ರಿ ಅಂತ
ನೀವು ಕೇಳೂಕಿಂತ ಮೊದಲ.